ಸುರಂಗ ಬಾರದ ದಿನವೂ ಇಳಿಯಲು ಕಲಿಸಿದ ಅಕ್ಕೋರು

ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿರುವ ಮನೆಗಳಲ್ಲಿ ಶ್ರೀಮತಿ ವೈಜಯಂತಿ ನಾಯಕರ ಹೆಸರನ್ನು ಪೂರ್ತಿಯಾಗಿ ಹೇಳುವವರು ಕಡಿಮೆ. ‘ಅಕ್ಕೋರು’ ಎಂದರೆ ಸಾಕು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವ ಈ ಸೀಮೆಯಲ್ಲಿ, ಯಾವ ಅಕ್ಕೋರು ಎಂಬ ಮರುಪ್ರಶ್ನೆಯಿಲ್ಲದೆ ಗುರುತಾಗುವುದು ಸಣ್ಣ ಮಾತಲ್ಲ. ಇಂಥ ಮಕ್ಕಳಿಗೆ ಅಕ್ಷರ ಕಲಿಸಿದವರು ನಮ್ಮಲ್ಲಿ ಇದ್ದಾರೆ, ಹಾಡು-ಕುಣಿತ ಕಲಿಸಿ ವೇದಿಕೆ ಹತ್ತಿಸಿದವರೂ ಇದ್ದಾರೆ. ಆದರೆ ಅವರಿಗೆ ಕೆಲಸ ಹುಡುಕಿಕೊಟ್ಟು, ಆ ಕೆಲಸ ವರ್ಷಗಟ್ಟಲೆ ಅವರ ಕೈಯಲ್ಲೇ ಉಳಿಯುವ ಹಾಗೆ ನೋಡಿಕೊಂಡವರು ಯಾರೆಂದು ಕೇಳಿದರೆ, ಬೆರಳು ಮಡಚುವ ಮೊದಲೇ ಬಾಯಿಗೆ ಬರುವ ಹೆಸರು ಅವರದು.

ಭಾವಿಕೇರಿಯ ವೈಜಯಂತಿಯವರು ಸೇವೆ ಆರಂಭಿಸಿದ್ದು ಅಂಕೋಲೆಯ ಒಂದು ವಿಶೇಷ ಶಾಲೆಯಲ್ಲಿ, ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಒಂದು ಸಂಗತಿ ಅವರನ್ನು ಕಾಡತೊಡಗಿತು. ಹದಿನೆಂಟು ತುಂಬಿದ ಮಕ್ಕಳು ಶಾಲೆ ಬಿಟ್ಟು ಹೋಗುತ್ತಿದ್ದರು. ಹೋಗುತ್ತಿದ್ದುದು ಎಲ್ಲಿಗೆ? ‘ಶಾಲೆಯಿಂದ ಜಗಲಿಗೆ ವರ್ಗ’ ಎಂದು ಅವರು ನಗುತ್ತ ಹೇಳುತ್ತಿದ್ದರು; ಆದರೆ ನಗುವಿನ ಕೊನೆಗೆ ಮುಖ ಬೇರೆ ಕಡೆ ತಿರುಗಿರುತ್ತಿತ್ತು. ಕಾರವಾರದ ‘ಜೊತೆಹೆಜ್ಜೆ’ ಸಂಸ್ಥೆ ಇಂಥ ಯುವಕ-ಯುವತಿಯರಿಗೆ ಉದ್ಯೋಗ ಕೊಡಿಸುವ ಕಾರ್ಯ ಕೈಗೊಂಡಾಗ, ಕಾಯಂ ನೌಕರಿ ಬಿಟ್ಟು ಅಲ್ಲಿಗೆ ಮೊದಲು ಹೋದವರು ಅವರೇ. ಕಳೆದ ತಿಂಗಳು ನಿವೃತ್ತರಾಗುವವರೆಗೂ ಅವರು ಅಲ್ಲೇ ಇದ್ದರು.

ಅವರದೊಂದು ಪದ್ಧತಿ ಇತ್ತು. ಯಾರನ್ನೇ ಆಗಲಿ ಕೆಲಸಕ್ಕೆ ಸೇರಿಸುವ ಮೊದಲು ಆ ಕೆಲಸವನ್ನು ತಾವೇ ಎಂಟು ದಿನ ಮಾಡುತ್ತಿದ್ದರು. ಬೇಕರಿಯಲ್ಲಿ ಬನ್ನು ಪೊಟ್ಟಣ ಕಟ್ಟಿದರು, ಖಾನಾವಳಿಯಲ್ಲಿ ತಾಟು ತೊಳೆದರು, ಅವರ್ಸಾದ ಒಂದು ನರ್ಸರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೀಲಕ್ಕೆ ಮಣ್ಣು ತುಂಬಿದರು. ಕೈಗೆ ಗೊತ್ತಾಗದ್ದನ್ನು ಬಾಯಿಂದ ಕಲಿಸಲಾಗದು ಎಂಬುದು ಅವರ ನಂಬಿಕೆ. ಮಾಲಕರ ಎದುರು ಅವರು ಎಂದೂ ಕೈಮುಗಿದು ನಿಂತವರಲ್ಲ. ‘ಪಾಪ ಅಂತ ಕೆಲಸ ಕೊಡಬೇಡಿ. ಪಾಪ ಅನ್ನಿಸುವುದು ನಿಂತ ದಿನ ತೆಗೆದುಹಾಕುತ್ತೀರಿ. ಕೆಲಸ ನೋಡಿ ಕೊಡಿ’ ಎನ್ನುತ್ತಿದ್ದರು.

ಇಂಥವರ ಇಡೀ ಸೇವೆಯನ್ನು ಒಂದು ಲೇಖನದಲ್ಲಿ ಹಿಡಿದಿಡಲಾಗದು. ಅವರನ್ನು ತೀರ ಹತ್ತಿರದಿಂದ, ಮತ್ತು ಹೆಚ್ಚಿನ ಭಯದಿಂದ, ನೋಡಿದವಳು ಬೊಬ್ರುವಾಡದ ಗಂಗೂ. ಅವಳ ಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಅಕ್ಕೋರು ಸ್ಪಷ್ಟವಾಗಿ ಕಾಣುತ್ತಾರೆ.

ಗಂಗೂಳ ಮಗಳು ಅಮಿತಾ. ವಯಸ್ಸು ಇಪ್ಪತ್ತಾರು. ಹುಟ್ಟಿನಿಂದಲೇ ಅವಳ ಬುದ್ಧಿ ತನ್ನದೇ ನಡಿಗೆಯಲ್ಲಿ ನಡೆಯುತ್ತದೆ. ಹೇಳಿಕೊಟ್ಟದ್ದನ್ನು ಕಲಿಯಲು ತಿಂಗಳು ಬೇಕು. ಕಲಿತ ಮೇಲೆ ಮಾತ್ರ ಅದರಿಂದ ಒಂದು ಎಳೆಯೂ ಅತ್ತಿತ್ತ ಸರಿಯುವುದಿಲ್ಲ. ಶಾಲೆ ಬಿಟ್ಟ ಮೇಲೆ ಐದು ವರ್ಷ ಅವಳು ಜಗಲಿಯಲ್ಲೇ ಕುಳಿತಿದ್ದಳು. ಆ ಐದು ವರ್ಷ ಗಂಗೂ ಒಂದು ಮದುವೆಗೆ ಹೋಗಿ ನಿಶ್ಚಿಂತೆಯಿಂದ ಉಂಡು ಬಂದವಳಲ್ಲ. ಮಗಳನ್ನು ಕರೆದೊಯ್ದರೆ ಜನರ ಕಣ್ಣು, ಬಿಟ್ಟುಹೋದರೆ ತನ್ನ ಮನಸ್ಸು. ನಾನು ಹೋದ ಮೇಲೆ ಇವಳಿಗಾರು ಎಂಬ ಮಾತನ್ನು ಅವಳು ಗಂಡ ದೇವಾನಂದನಿಗೂ ಹೇಳಿದ್ದಿಲ್ಲ. ಬಾವಿಕಟ್ಟೆಯ ಮೇಲೆ ನಿಂತು ಕೊಡ ಎಳೆಯುವಾಗ ಒಬ್ಬಳೇ ಅಂದುಕೊಳ್ಳುತ್ತಿದ್ದಳು, ಅಷ್ಟೆ.

ಎರಡೂವರೆ ವರ್ಷದ ಹಿಂದೆ ಅಕ್ಕೋರು ಆ ಜಗಲಿಗೆ ಬಂದರು. ಒಗೆದ ಬಟ್ಟೆಯನ್ನು ಅಮಿತಾ ಮಡಚುತ್ತಿದ್ದಳು. ಅಕ್ಕೋರು ಅರ್ಧ ಗಂಟೆ ಕುಳಿತು ನೋಡಿದರು.

‘ಇದಕ್ಕೆ ಮಡಿಕೆ ಹಾಕೂದು ಕಲಿಸಿದ್ದು ಯಾರು?’

‘ಯಾರ್ ಕಲಿಸ್ತಾರೆ ಅಕ್ಕೋರೇ, ಅದೇ ಮಾಡ್ತದೆ. ತುದಿಗ್ ತುದಿ ಸಮಾ ಬರೂದಿಲ್ಲಾಂದ್ರೆ ಬಿಚ್ಚಿ ಮತ್ತೆ ಮಡಚ್ತದೆ. ಒಂದು ಲುಂಗಿಗೆ ಕಾಲು ಗಂಟೆ! ನಂಗೆ ಸಾಕಾಗಿ ಹೋಗಿದೆ.’

‘ನಿನಗೆ ಸಾಕಾಗಿದ್ದು ಇನ್ಯಾರಿಗೋ ಬೇಕಾಗಿರ್ತದೆ ಗಂಗೂ’ ಎಂದರು ಅಕ್ಕೋರು.

ಬೇಕಾಗಿದ್ದುದು ಕಾರವಾರದ ಒಂದು ವಸತಿಗೃಹದ ಮಾಲಕರಾದ ಹೇರಂಬ ಹೆಗಡೆಯವರಿಗೆ. ಅಲ್ಲಿ ಚಾದರ, ಟವೆಲ್ಲು, ದಿಂಬಿನ ಕವರುಗಳನ್ನು ಮಡಚಿ ಇಡುವ ಕೋಣೆಗೆ ಸಪ್ನಾ ಎಂಬ ಕಾರವಾರದ ಹೆಣ್ಣುಮಗಳು ಮುಖ್ಯಸ್ಥೆ. ಪದ್ಧತಿಯಂತೆ ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಎಂಟು ದಿನ ಅಲ್ಲಿ ನಿಂತರು.

‘ಅಕ್ಕೋರೇ, ನೀವೇ ಬಂದುಬಿಡಿ ಕೆಲಸಕ್ಕೆ. ಎಂಟು ದಿನದಲ್ಲಿ ಒಂದು ರಜೆ ಕೇಳಲಿಲ್ಲ, ಒಂದು ಫೋನು ಹಿಡಿಯಲಿಲ್ಲ’ ಎಂದು ಹೇರಂಬ ಹೆಗಡೆಯವರು ಕಿಚಾಯಿಸಿದರೆ, ಸಪ್ನಾ ಚಾದರದ ಇನ್ನೊಂದು ತುದಿ ಹಿಡಿದುಕೊಂಡೇ ಅಂದಳಂತೆ: ‘ಬೇಡ ಸಾವ್ಕಾರ್ರೇ. ಇವ್ರು ಮಡಿಚಿದ್ದು ನಾಕು ನಾನು ಮತ್ತೆ ಬಿಚ್ಚಿದ್ದೇನೆ. ಇವ್ರ ಹುಡುಗಿಯೇ ಬರ್ಲಿ.’

ಆ ಹುಡುಗಿ ಬಂದಳು. ಮೊದಲ ತಿಂಗಳು ಅಕ್ಕೋರು ಅವಳ ಪಕ್ಕದಲ್ಲಿ ನಿಂತರು, ಎರಡನೆಯ ತಿಂಗಳು ಹಿಂದೆ, ಮೂರನೆಯ ತಿಂಗಳು ಬಾಗಿಲಲ್ಲಿ. ಆಮೇಲೆ ಬಾಗಿಲಲ್ಲೂ ಇಲ್ಲ. ಕೆಲಸಕ್ಕಿಂತ ಹೆಚ್ಚು ಶ್ರಮ ಬಿದ್ದದ್ದು ದಾರಿಗೆ. ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಮೇಲೆ. ಅಮಿತಾಗೆ ಊರಿನ ಫಲಕ ಓದಲು ಬಾರದು. ಅಕ್ಕೋರು ಒಂದು ಗುರುತು ಕಂಡುಹಿಡಿದರು. ಬಿಣಗಾ ದಾಟಿದೊಡನೆ ರಸ್ತೆ ಗುಡ್ಡದೊಳಗೆ ನುಗ್ಗುತ್ತದೆ. ಬಸ್ಸಿನೊಳಗೆ ಒಮ್ಮೆಲೇ ಕತ್ತಲಾಗುತ್ತದೆ. ಕತ್ತಲು ಬಂದು ಹೋದೊಡನೆ ಚೀಲ ಹೆಗಲಿಗೆ ಹಾಕಬೇಕು, ಆಮೇಲೆ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಾಗ ಇಳಿಯಬೇಕು. ಎರಡು ತಿಂಗಳು ಜೊತೆಯಲ್ಲಿ ಪ್ರಯಾಣ ಮಾಡಿ ಕಲಿಸಿದರು. ಕಲಿತದ್ದಾಯಿತು ಎಂದು ಒಂದು ಸೋಮವಾರ ಅವಳನ್ನು ಒಬ್ಬಳೇ ಬಸ್ಸು ಹತ್ತಿಸಿದರು.

ಒಬ್ಬಳೇ ಎಂದು ಅಕ್ಕೋರು ತಿಳಿದರು. ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ ಗಂಗೂ ಹತ್ತಿದ್ದಳು. ಸೆರಗನ್ನು ತಲೆತುಂಬ ಹೊದ್ದು, ಕೊನೆಯ ಸೀಟಿನಲ್ಲಿ ಮುದುಡಿ ಕುಳಿತು, ಮಗಳ ಜಡೆಯ ಮೇಲೇ ಕಣ್ಣು ನೆಟ್ಟಿದ್ದಳು. ಮಗಳು ಇಳಿದು ವಸತಿಗೃಹದ ಗೇಟು ದಾಟಿದ್ದನ್ನು ನೋಡಿ ಮುಂದಿನ ಬಸ್ಸಿಗೆ ಮನೆಗೆ. ಸಂಜೆ ಮತ್ತೆ ಹಾಗೆಯೇ. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿದ್ದರಿಂದ ದೇವಾನಂದನಿಗೂ ಸುಳಿವು ಹತ್ತಲಿಲ್ಲ. ಎರಡು ತಿಂಗಳು ನಡೆಯಿತು ಈ ಹಿಂಬಾಲ. ಒಲೆಯ ಮೇಲೆ ಅನ್ನ ಇಟ್ಟು ಓಡಿ, ಎಷ್ಟೋ ದಿನ ತಾನು ಉಣ್ಣುವಾಗ ಮೂರು ಗಂಟೆ. ಆದರೂ ಅವಳಿಗೆ ಅದು ಕಷ್ಟವೆನಿಸಲಿಲ್ಲ. ಮಗಳ ಬೆನ್ನು ಕಾಣುತ್ತಿರುವವರೆಗೆ ಅವಳ ಉಸಿರು ನೆಟ್ಟಗಿರುತ್ತಿತ್ತು.

ಗುಟ್ಟು ಬಯಲು ಮಾಡಿದವಳು ಅಮಿತಾ. ಅಕ್ಕೋರು ಒಂದು ದಿನ ‘ಬಸ್ಸಲ್ಲಿ ಒಬ್ಬಳೇ ಬರೂಕೆ ಹೆದರಿಕೆ ಆಗ್ತದ್ಯಾ?’ ಎಂದು ಕೇಳಿದ್ದಕ್ಕೆ ಅವಳು ಟವೆಲ್ಲಿನಿಂದ ಕಣ್ಣೆತ್ತದೆ ಹೇಳಿದಳು: ‘ನಂಗಿಲ್ಲ. ಆಯಿಗೆ ಹೆದ್ರಿಕೆ. ಅದ್ಕೇ ಹಿಂದಿನ ಸೀಟಲ್ಲಿ ಬತ್ತದೆ. ನಾ ತಿರ್ಗಿ ನೋಡೂದಿಲ್ಲ. ನೋಡಿದ್ರೆ ಅದ್ಕೆ ಬೇಜಾರಾಗ್ತದೆ.’

ಇದನ್ನು ಅಕ್ಕೋರು ಗಂಗೂಗೆ ಹೇಳಿದ್ದು ಗದರಿಸುವುದಕ್ಕಲ್ಲ. ಅವಳ ಅಡಿಗೆಮನೆಯಲ್ಲಿ ಕುಳಿತು, ಅವಳು ಕೊಟ್ಟ ಚಹಾ ಕುಡಿದು, ಮಗಳ ಮಾತನ್ನು ಇದ್ದ ಹಾಗೇ ಹೇಳಿದರು. ಗಂಗೂ ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಪ್ಪತ್ತನಾಲ್ಕು ವರ್ಷ ನಾನು ಇವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದರೆ, ಇವಳು ನನ್ನನ್ನು ಕಾಯುತ್ತಿದ್ದಳೇ? ಮರುದಿನದಿಂದ ಅವಳು ಬಸ್ಸು ಹತ್ತಲಿಲ್ಲ.

ಅದಾಗಿ ಮೂರನೆಯ ವಾರ, ಆಷಾಢದ ಜಡಿಮಳೆ. ನಿತ್ಯದ ಬಸ್ಸು ತಡವಾಯಿತು. ಬಂದ ಬಸ್ಸು ಮಡಗಾಂವಿನದು. ಕಾರವಾರದ ಮೇಲೆಯೇ ಹೋಗುತ್ತದೆ. ‘ಕಾರವಾರ, ಕಾರವಾರ’ ಎಂದು ಕಂಡಕ್ಟರ್ ಕೂಗಿದ್ದಕ್ಕೆ ಅಮಿತಾ ಹತ್ತಿದಳು. ಮಳೆಯಿಂದಾಗಿ ಅಂದು ಸುರಂಗದೊಳಗೆ ವಾಹನ ಬಿಡುತ್ತಿರಲಿಲ್ಲ. ಬಸ್ಸು ಹಳೆಯ ಘಟ್ಟದ ರಸ್ತೆ ಹಿಡಿಯಿತು. ಕಿಟಕಿಯ ಗಾಜೆಲ್ಲ ಮಂಜುಗಟ್ಟಿ ಹೊರಗೇನೂ ಕಾಣದು. ಅಮಿತಾ ಚೀಲವನ್ನು ತೊಡೆಯ ಮೇಲಿಟ್ಟು ಕತ್ತಲಿಗಾಗಿ ಕಾದಳು. ಕತ್ತಲು ಬರಲೇ ಇಲ್ಲ. ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು. ಕತ್ತಲು ಬಂದಿಲ್ಲವಾದ್ದರಿಂದ ಅವಳು ಏಳಲಿಲ್ಲ. ಬಸ್ಸು ಕಾಳಿ ನದಿಯ ಸೇತುವೆ ದಾಟಿ, ಸದಾಶಿವಗಡ ದಾಟಿ, ಗೋವೆಯ ಗಡಿಯ ಮಾಜಾಳಿಗೆ ಬಂದಾಗ ಕಂಡಕ್ಟರ್ ಅವಳ ಟಿಕೆಟು ನೋಡಿ ಗಾಬರಿಯಾದ.

‘ಎಂತದ್ರಾ ತಂಗಿ, ಕಾರವಾರ ಆಗಿ ಅರ್ಧ ಗಂಟೆ ಆಯ್ತಲ್ಲ!’

‘ಸುರಂಗ ಬರ್ಲಿಲ್ಲ’ ಎಂದಳು ಅಮಿತಾ.

ಸಂಸ್ಥೆಯವರು ಅವಳ ಕೊರಳಿಗೆ ಹಾಕಿದ್ದ ಗುರುತಿನ ಚೀಟಿಯಲ್ಲಿ ಅಕ್ಕೋರ ನಂಬರಿತ್ತು; ಕಂಡಕ್ಟರ್ ಅದಕ್ಕೆ ಫೋನು ಮಾಡಿದ. ಅವರು ರಿಕ್ಷಾ ಹಿಡಿದು ಮಾಜಾಳಿಗೆ ಹೋದರು. ಮನೆಗೆ ತರಲಿಲ್ಲ, ನೆಟ್ಟಗೆ ವಸತಿಗೃಹಕ್ಕೆ ಕರೆತಂದು, ಉಳಿದ ಅರ್ಧ ದಿನದ ಕೆಲಸಕ್ಕೆ ನಿಲ್ಲಿಸಿ, ಆಮೇಲೆ ಗಂಗೂಗೆ ಫೋನು ಮಾಡಿದರು. ಗೋವಾ ಎಂಬ ಶಬ್ದ ಕಿವಿಗೆ ಬಿದ್ದದ್ದೇ, ಗಂಗೂ ಕುಳಿತ ಮಣೆಯಿಂದ ಏಳಲಾಗದೆ ಹೋದಳು.

ಅಂದು ಸಂಜೆ ಆ ಮನೆಯಲ್ಲಿ ತೀರ್ಮಾನವೇ ಆಗಿಹೋಗಿತ್ತು. ‘ಸಾಕು’ ಎಂದಿದ್ದ ದೇವಾನಂದ. ‘ನಾ ದುಡೀತೆ. ಅದು ಮನೇಲಿರ್ಲಿ. ಹೋದ್ರೆ ಹೋಯ್ತು ಆ ಕೆಲ್ಸ.’ ಗಂಗೂ ಎದುರಾಡಲಿಲ್ಲ. ಹಿಂದಿನ ಸೀಟು ಬಿಟ್ಟ ತಪ್ಪು ತನ್ನದೇ ಎಂದುಕೊಂಡಿದ್ದಳು. ಆದರೆ ಅಮಿತಾ ಉಣ್ಣಲಿಲ್ಲ. ‘ನಾಳೆ ಟವೆಲ್ ಅದೆ’ ಎಂದು ಒಂದೇ ಸಮ ಹೇಳುತ್ತಿದ್ದಳು. ಸಪ್ನಾ ಮಡಚಿದರೆ ತುದಿಗೆ ತುದಿ ಸಮ ಬರುವುದಿಲ್ಲವಂತೆ.

ದೀಪ ಹಚ್ಚುವ ಹೊತ್ತಿಗೆ ಅಕ್ಕೋರು ಬಂದರು. ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಬನ್ನಿ ಎಂದು ಯಾರೂ ಅನ್ನದಿದ್ದರೂ ಒಳಗೆ ಬಂದು, ನಿಂತುಕೊಂಡೇ ಹೇಳಿದರು: ‘ದೇವಾನಂದ, ಬೈಯೂದಿದ್ರೆ ನನ್ನ ಬೈಯಿ. ತಪ್ಪು ಅದರದ್ದಲ್ಲ, ಗಂಗೂದೂ ಅಲ್ಲ. ನಾನು ಅದಕ್ಕೆ ಕಾರವಾರ ಕಲಿಸಲಿಲ್ಲ, ಸುರಂಗ ಕಲಿಸಿದೆ. ಅದು ಕಲಿಸಿದ್ದನ್ನು ಸರಿಯಾಗಿಯೇ ಮಾಡಿದೆ.’

ಹೆಣ್ಣುಮಗಳೊಬ್ಬಳು, ಅದೂ ತಲೆ ನರೆತ ಅಕ್ಕೋರು, ತನ್ನ ಮನೆಯೊಳಗೆ ನಿಂತು ತಪ್ಪು ಒಪ್ಪಿಕೊಂಡದ್ದನ್ನು ದೇವಾನಂದ ಆವರೆಗೆ ಕಂಡಿರಲಿಲ್ಲ. ಬೈಯಲು ತೆರೆದ ಬಾಯಿಂದ ‘ಕೂತ್ಕಳ್ಳಿ ಅಕ್ಕೋರೇ, ಒದ್ದೆ ಆಗಿದೀರಿ’ ಎಂಬ ಮಾತು ಬಂತು.

‘ಇನ್ನೊಂದು ಗುರುತು ಹುಡುಕ್ತೀರಾ?’ ಎಂದು ಗಂಗೂ ಕೇಳಿದಳು.

‘ಇಲ್ಲ. ಗುರುತು ಯಾವತ್ತೋ ಒಂದು ದಿನ ಕೈ ಕೊಡ್ತದೆ. ಅದು ಕೇಳೂದು ಕಲೀಬೇಕು. ಬಸ್ಸು ನಿಂತಾಗೆಲ್ಲ ಪಕ್ಕದವರ ಹತ್ರ, ಇದು ಕಾರವಾರವಾ ಅಂತ.’

ಗುರುತಿಲ್ಲದವರ ಹತ್ತಿರ ಬಾಯಿ ಬಿಡಬೇಡ ಎಂದು ಮಗಳಿಗೆ ಚಿಕ್ಕಂದಿನಿಂದ ಕಲಿಸಿದವಳೇ ಗಂಗೂ. ಬಾಯಿ ಬಿಟ್ಟರೆ ತೊದಲು ಗೊತ್ತಾಗುತ್ತದೆ, ತೊದಲು ಗೊತ್ತಾದರೆ ಜನ ನಗುತ್ತಾರೆ, ಇಲ್ಲವೇ ನಗುವುದಕ್ಕಿಂತ ಕೆಟ್ಟದ್ದೇನಾದರೂ ಮಾಡುತ್ತಾರೆ. ಸುಮ್ಮನಿರುವುದೇ ಅವಳು ಮಗಳಿಗೆ ಹೊಲಿದುಕೊಟ್ಟಿದ್ದ ಅಂಗಿ. ಈಗ ಅದನ್ನು ತನ್ನ ಕೈಯಾರೆ ಬಿಚ್ಚಬೇಕಿತ್ತು.

‘ನಾನು ಕಲಿಸಿದ್ರೆ ಅದು ಕೇಳೂದಿಲ್ಲ ಗಂಗೂ. ಬಾಯಿ ಮುಚ್ಚು ಅಂದವಳು ನೀನು. ತೆರೆ ಅಂತ ನೀನೇ ಹೇಳಬೇಕು’ ಎಂದರು ಅಕ್ಕೋರು.

ಹಾಗೆ ಗಂಗೂ ಮತ್ತೆ ಬಸ್ಸು ಹತ್ತಿದಳು, ಈ ಸಲ ಮಗಳ ಪಕ್ಕದ ಸೀಟಿನಲ್ಲಿ. ಸಂಸ್ಥೆಗೆ ಹೊಸದಾಗಿ ಸೇರಿದ್ದ ದೀಕ್ಷಾ ಎಂಬ ಹುಡುಗಿಯನ್ನು ಅಕ್ಕೋರು ಜೊತೆಗೆ ಕಳಿಸಿದರು, ತಾವು ಹೋಗಲಿಲ್ಲ. ಮೊದಲ ದಿನ ಕೇಳಲು ಗಂಗೂಗೇ ನಾಲಿಗೆ ಏಳಲಿಲ್ಲ. ‘ಇದು ಅವರ್ಸಾವಾ?’ ಎಂದು ತನ್ನ ಊರಿನ ದಾರಿಯನ್ನು ತಾನೇ ಅರಿಯದವಳಂತೆ ಕೇಳಿದಾಗ, ಮೀನು ಬುಟ್ಟಿಯ ಹೆಂಗಸೊಬ್ಬಳು ‘ಅಂಕೋಲೆಯವ್ಳಾಗಿ ಅವರ್ಸಾ ಗೊತ್ತಿಲ್ವೇನೇ? ಯಾವ ಚಂದ್ರಲೋಕದಿಂದ ಇಳಿದ್ಯೇ ಮಾರಾಯ್ತಿ!’ ಎಂದು ಬಸ್ಸೆಲ್ಲ ಕೇಳುವಂತೆ ನಕ್ಕಳು. ಅಮಿತಾಳೂ ನಕ್ಕಳು. ನಕ್ಕರೂ ಏನೂ ಆಗುವುದಿಲ್ಲ ಎಂಬುದು ತಾಯಿ-ಮಗಳಿಬ್ಬರಿಗೂ ಒಟ್ಟಿಗೇ ತಿಳಿಯಿತು. ಹತ್ತನೆಯ ದಿನ ಅಮಿತಾ ತಾನಾಗಿ ಕೇಳಿದಳು. ಆಮೇಲೆ ಕೇಳುವುದನ್ನು ನಿಲ್ಲಿಸುವುದೇ ಕಷ್ಟವಾಯಿತು. ಈಗ ಆ ಬಸ್ಸಿನವರು ಅವಳು ಬಾಯಿ ತೆರೆಯುವ ಮೊದಲೇ ‘ಅಲ್ಲ ತಂಗಿ, ಇದು ಅಮದಳ್ಳಿ’ ಎನ್ನುತ್ತಾರಂತೆ.

ಆ ಮಾಜಾಳಿಯ ಪ್ರಸಂಗದ ನಂತರ ಅಕ್ಕೋರು ಎರಡೂ ತಾಲೂಕುಗಳಲ್ಲಿ ತಾವು ಕೆಲಸಕ್ಕೆ ಹಚ್ಚಿದವರ ಬಳಿ ಒಬ್ಬೊಬ್ಬರಾಗಿ ಹೋಗಿ, ಎಲ್ಲೆಲ್ಲಿ ಕೆಲಸವನ್ನು ಒಂದೇ ಗುರುತಿಗೆ ಕಟ್ಟಿದ್ದರೋ ಅದನ್ನೆಲ್ಲ ಬಿಚ್ಚಿ ಹೊಸದಾಗಿ ಕಲಿಸಿದರು. ಬೇಕರಿಯಲ್ಲಿದ್ದ ಸಂಕೇತ ಎಂಬ ಹುಡುಗ, ಹಿರಿಯ ಕೆಲಸಗಾರರೊಬ್ಬರು ‘ಸಾಕು’ ಅಂದರೆ ಮಾತ್ರ ಕೈ ನಿಲ್ಲಿಸುತ್ತಿದ್ದ. ಆ ಹಿರಿಯರು ರಜೆ ಹಾಕಿದ ದಿನ ಊಟವನ್ನೂ ಮಾಡದೆ ಪೊಟ್ಟಣ ಕಟ್ಟಿದ್ದ. ಅವನಿಗೂ ಕೇಳುವುದನ್ನು ಕಲಿಸಿದರು. ತಾವು ಹದಿನೈದು ವರ್ಷ ಸರಿಯೆಂದು ನಂಬಿದ್ದನ್ನು ಐವತ್ತೆಂಟನೆಯ ವಯಸ್ಸಿನಲ್ಲಿ ತಿದ್ದಿಕೊಳ್ಳಲು ಎದೆಗಾರಿಕೆ ಬೇಕು. ಎಲ್ಲ ಕೊರಳ ಚೀಟಿಗಳಲ್ಲೂ ಇದ್ದ ಗುರುತು ತಮ್ಮದೇ ನಂಬರು ಎಂಬುದೂ ಅವರ ಗಮನಕ್ಕೆ ಬಂದಿತ್ತು. ಕೊನೆಯ ವರ್ಷವಿಡೀ ಅವರು ಆ ಚೀಟಿಗಳಲ್ಲಿ ದೀಕ್ಷಾಳ ನಂಬರು, ಮಾಲಕರ ನಂಬರು, ನೆರೆಮನೆಯ ನಂಬರು ಬರೆಸುತ್ತ ಓಡಾಡಿದರು.

ಗಂಗೂಗೆ ಮಾತ್ರ ಅದು ಸಮಾಧಾನ ತರಲಿಲ್ಲ. ನಿವೃತ್ತಿಯ ಸುದ್ದಿ ಕೇಳಿದ ದಿನದಿಂದ ಅವಳಿಗೆ ಮಣೆಯಿಂದ ಏಳಲಾಗದ ಆ ಮಧ್ಯಾಹ್ನವೇ ನೆನಪಾಗುತ್ತಿತ್ತು. ದೀಕ್ಷಾ ಒಳ್ಳೆಯ ಹುಡುಗಿ, ಆದರೆ ಅಕ್ಕೋರಲ್ಲ. ಇನ್ನೊಮ್ಮೆ ಸುರಂಗ ಬಾರದಿದ್ದರೆ?

ನಿವೃತ್ತಿಯಾಗಿ ಹನ್ನೊಂದನೆಯ ದಿನ, ಸಂಜೆ ಆರೂಕಾಲಿಗೆ ಬರಬೇಕಾದ ಅಮಿತಾ ಬರಲಿಲ್ಲ. ಆರೂವರೆಯಾಯಿತು, ಏಳಾಗುತ್ತ ಬಂತು. ಗಂಗೂ ಅಂಕೋಲಾ ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತಿದ್ದಳು. ದೀಕ್ಷಾಗೆ ಫೋನು ಮಾಡಿದರೆ, ‘ಆಯಿ, ಕೆಲಸ ಬಿಟ್ಟದ್ದು ಹೊತ್ತಿಗೆ ಸರಿಯಾಗಿಯೇ. ನಾನು ವಿಚಾರಿಸ್ತೆ’ ಎಂದಳು. ಫೋನಿನ ಪರದೆಯ ಮೇಲೆ ಅಕ್ಕೋರ ಹೆಸರು ಇತ್ತು. ಅದರ ಮೇಲೆ ಹೆಬ್ಬೆರಳು ಇಟ್ಟಳು, ಒತ್ತಲಿಲ್ಲ. ಎರಡು ಸಲ ಹೀಗೆ ಮಾಡಿದಳು. ‘ಅದು ಕೇಳ್ತದೆ, ಅದು ಕೇಳ್ತದೆ’ ಎಂದು ತನಗೆ ತಾನೇ ಹೇಳಿಕೊಂಡಳು.

ಏಳೂ ಹತ್ತಕ್ಕೆ ಕುಮಟೆಗೆ ಹೋಗುವ ಬಸ್ಸು ಬಂತು. ಅದು ಅವಳ ಬಸ್ಸಲ್ಲ. ಮುಂದಿನ ಬಾಗಿಲಿನಿಂದ ಚೀಲ ಹೆಗಲಿಗೇರಿಸಿಕೊಂಡ ಅಮಿತಾ ಇಳಿದಳು.

‘ಬಸ್ಸು ಹಾಳಾಯ್ತು, ಹಾರವಾಡದ ಹತ್ರ’ ಎಂದಳು. ‘ಎಲ್ಲಾ ಇಳಿದ್ರು. ನಾ ಕೇಳ್ದೆ, ಅಂಕೋಲಾಕ್ಕೆ ಯಾವ್ದು ಅಂತ. ಇದು ಕುಮಟಾದ್ದು, ಆದ್ರೂ ಅಂಕೋಲಾದಲ್ಲಿ ನಿಲ್ತದೆ ಅಂದ್ರು. ಮತ್ತೂ ಕೇಳ್ದೆ. ಇಬ್ರ ಹತ್ರ ಕೇಳ್ದೆ.’ ಆಮೇಲೆ ತಾಯಿಯ ಮುಖ ನೋಡಿ, ‘ಆಯೀ, ಹೆದ್ರಿದ್ಯಾ? ಒಬ್ಳೇ ನಿಂತಿದ್ದೀಯಲ್ಲ’ ಎಂದು ಅವಳ ಕೈ ಹಿಡಿದುಕೊಂಡಳು.

ಬೊಬ್ರುವಾಡದ ದಾರಿಯಲ್ಲಿ ಗಂಗೂ ಆ ಕೈ ಬಿಡದೆ ನಡೆದಳು. ಇಪ್ಪತ್ತಾರು ವರ್ಷ ಹೊತ್ತ ಕೊಡವನ್ನು ಯಾರೋ ತಲೆಯಿಂದ ಇಳಿಸಿದ ಹಾಗಿತ್ತು. ಕುತ್ತಿಗೆಗೆ ಹಗುರವೇ ಹೊಸದಾಗಿ ಕಾಣುತ್ತಿತ್ತು. ಮನೆಗೆ ಬಂದು ಮಗಳಿಗೆ ಬಡಿಸಿ, ಕೈ ಒರೆಸಿಕೊಂಡು, ಆಗ ಅಕ್ಕೋರಿಗೆ ಫೋನು ಮಾಡಿದಳು.

ಒಂದೇ ರಿಂಗಿಗೆ ಎತ್ತಿದರು. ಇಷ್ಟು ವರ್ಷ ಈ ಮನೆಗಳಿಂದ ಬಂದ ಫೋನೆಂದರೆ ಏನೋ ಆಗಿದೆ ಎಂದೇ ಅರ್ಥ. ‘ಎಂತಾಯ್ತು ಗಂಗೂ?’ ಎಂಬ ದನಿಯಲ್ಲಿ ಚಪ್ಪಲಿ ಹುಡುಕುವ ಅವಸರವಿತ್ತು.

‘ಎಂತದೂ ಆಗ್ಲಿಲ್ಲ ಅಕ್ಕೋರೇ’ ಎಂದಳು ಗಂಗೂ. ‘ಅದನ್ನೇ ಹೇಳೂಕೆ ಮಾಡ್ದೆ.’

ಆ ಕಡೆ ಕುರ್ಚಿ ಎಳೆದು ಕುಳಿತ ಸದ್ದು ಕೇಳಿಸಿತು.

ವೈಜಯಂತಿ ಅಕ್ಕೋರು ವಾರಕ್ಕೆರಡು ದಿನ ಸಂಸ್ಥೆಗೆ ಬಂದು ದೀಕ್ಷಾಳಂಥ ಎಳೆಯರಿಗೆ ಕಲಿಸಲು ಒಪ್ಪಿದ್ದಾರೆ. ಅಲ್ಲಿಯೂ ಯಾವುದೋ ಹೊಸ ಕೆಲಸವನ್ನು ತಾವೇ ಎಂಟು ದಿನ ಮಾಡಿ ನೋಡದೆ ಬಿಡಲಾರರು. ಅವರ ಕೈ-ಕಾಲುಗಳಿಗೆ ಆ ಬಲ ಬಹುಕಾಲ ಇರಲಿ. ನೂರು ತುಂಬುವವರೆಗೂ ಅವರ ಫೋನು ದಿನವೂ ರಿಂಗಣಿಸುತ್ತಿರಲಿ. ಕಾರವಾರದಿಂದ, ಅವರ್ಸಾದಿಂದ, ಬೊಬ್ರುವಾಡದಿಂದ ತಾಯಂದಿರು ಕರೆಯುತ್ತಿರಲಿ. ಮತ್ತು ಪ್ರತಿ ಸಲವೂ ಅವರಿಗೆ ಹೇಳಲು ಇರುವ ಸುದ್ದಿ ಅಷ್ಟೇ ಆಗಿರಲಿ: ಎಂತದೂ ಆಗಲಿಲ್ಲ ಅಕ್ಕೋರೇ, ಮಗಳು ಕೆಲಸದಿಂದ ಬಂದು ಉಣ್ಣುತ್ತಿದ್ದಾಳೆ.